ಮಳೆಗಾಲ ಕಳೆದ ಮೇಲೆ ಏಳದ ಕಂಪ್ಯೂಟರ್

ಪ್ರಶ್ನೆ: ಅಂಕೋಲೆಯಲ್ಲಿ ಸಮುದ್ರಕ್ಕೆ ಹತ್ತಿರವೇ ನಮ್ಮ ಮನೆ. 2011ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪನ್ನು ಜೂನ್‌ನಿಂದ ಮುಟ್ಟಿರಲಿಲ್ಲ. ಈಗ ಬಟನ್ ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಅಂಗಡಿಯವರು ಬಿಚ್ಚಿ ನೋಡದೆಯೇ "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂದರು. ಮನೆಯ ಫೋಟೊಗಳೆಲ್ಲ ಅದರಲ್ಲೇ ಇವೆ.

ಉತ್ತರ: ಫೋಟೊಗಳು ಇರುವುದು ಹಾರ್ಡ್ ಡಿಸ್ಕಿನಲ್ಲಿ, ಮದರ್‌ಬೋರ್ಡ್ ಸತ್ತರೂ ಅದು ಸಾಯಬೇಕೆಂದಿಲ್ಲ. ಡಿಸ್ಕನ್ನು ಬಿಚ್ಚಿ ಸಾಟಾದಿಂದ (ಡಿಸ್ಕಿನ ಕನೆಕ್ಟರ್) ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನ ಮೂಲಕ ಯಾವುದೇ ಲ್ಯಾಪ್‌ಟಾಪಿಗೆ ಹಾಕಿ ನಕಲು ಮಾಡಿಕೊಳ್ಳಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು. ಆದ್ದರಿಂದ ಗೋಡೆಗೆ ಸಿಕ್ಕಿಸುವ ಪವರ್ ಜೊತೆಗಿರುವ ಅಡಾಪ್ಟರನ್ನೇ ಕೇಳಿ ತನ್ನಿ, ಬರೀ ಕೇಬಲ್ ಸಾಲದು.

ಇನ್ನು ಆ ಅರ್ಧ ಸುತ್ತು. ಅದು ಒಳ್ಳೆಯ ಸುಳಿವು. ಬಟನ್ ಸರಿಯಿದೆ, ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ಗೆ ಕರೆಂಟು ಬರುತ್ತಿದೆ, ಅದು ಏಳಲು ಹೊರಟಿದೆ ಎಂದರ್ಥ. ಎದ್ದ ಕ್ಷಣ ಎಲ್ಲೋ ಶಾರ್ಟ್ ಕಂಡು ತನ್ನನ್ನು ತಾನೇ ಆರಿಸಿಕೊಳ್ಳುತ್ತಿದೆ, ಇಲ್ಲವೇ ಭಾರ ಹೊರಲಾರದೆ ಕುಸಿಯುತ್ತಿದೆ. ಪ್ಲಗ್ ಕಿತ್ತು, ಮುಚ್ಚಳ ತೆಗೆದು ಒಳಗೆ ನೋಡಿ. ನಾಲ್ಕು ತಿಂಗಳ ಉಪ್ಪು ಗಾಳಿಗೆ ಹಿತ್ತಾಳೆ ಪಿನ್ನುಗಳ ಮೇಲೆ ಹಸಿರು ಕಿಲುಬು, ಕ್ಯಾಬಿನೆಟ್ಟಿನ ಅಂಚಿಗೆ ತುಕ್ಕು ಕಾಣುವುದು ಕರಾವಳಿಯಲ್ಲಿ ಮಾಮೂಲು. ಉಪ್ಪು ಕೂತ ಧೂಳು ತೇವ ಹೀರಿಕೊಂಡರೆ ಅದರ ಮೂಲಕವೇ ಕರೆಂಟು ಸೋರುತ್ತದೆ. ಸತ್ತ ಹಲ್ಲಿ, ಇರುವೆ ಗೂಡು ಇದ್ದರೂ ಆಶ್ಚರ್ಯವಿಲ್ಲ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಮುಚ್ಚಳ ಬಿಚ್ಚಿಯೇ ಒಂದು ಹಗಲು ಒಂದು ರಾತ್ರಿ ಟೇಬಲ್ ಫ್ಯಾನಿನ ಗಾಳಿಗೆ ಇಡಿ. ಬಚ್ಚಲ ಒಲೆಯ ಹತ್ತಿರ, ಅಡಿಕೆ ಡ್ರೈಯರಿನ ಪಕ್ಕ ಮಾತ್ರ ಬೇಡ!

ಒಣಗಿದ ಮೇಲೆ ಶಾರ್ಟ್ ಹುಡುಕುವ ಕೆಲಸ. ಡಿವಿಡಿ ಡ್ರೈವ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಕೀಬೋರ್ಡ್, ಮೌಸ್ ಎಲ್ಲವನ್ನೂ ಕಳಚಿ. ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಪೋರ್ಟುಗಳಿಂದ ಮದರ್‌ಬೋರ್ಡಿಗೆ ಬರುವ ವೈರನ್ನೂ ತಪ್ಪದೆ ಕೀಳಿ. ಆ ಪೋರ್ಟು ಸದಾ ಗಾಳಿಗೆ ತೆರೆದಿರುತ್ತದೆ. ಒಳಗಿನ ಪಿನ್ನು ಕಿಲುಬು ಹಿಡಿದು ಅಥವಾ ಬಾಗಿ ತಗಡಿಗೆ ತಾಗಿದರೆ ಇಡೀ ಯಂತ್ರ ಏಳುವುದಿಲ್ಲ. ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ಅದರ ಫ್ಯಾನು, ಒಂದೇ ಒಂದು ರ‍್ಯಾಮ್ (ಮೆಮೊರಿ ಪಟ್ಟಿ) ಇಷ್ಟೇ ಉಳಿಸಿ ಬಟನ್ ಒತ್ತಿ. ಫ್ಯಾನು ನಿಲ್ಲದೆ ತಿರುಗಿತೋ, ಕಳಚಿದ್ದನ್ನು ಒಂದೊಂದಾಗಿ ಸೇರಿಸುತ್ತ ಹೋಗಿ. ಪ್ರತಿ ಸಲವೂ ಪ್ಲಗ್ ಕಿತ್ತೇ ಸೇರಿಸಿ. ಯಾವುದನ್ನು ಹಾಕಿದಾಗ ಮತ್ತೆ ನಿಂತಿತೋ ಅದೇ ಕಳ್ಳ.

ಆಗಲೂ ನಿಂತರೆ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಿ. ಪ್ಲಗ್ ಕಿತ್ತು, ಅದರ ಎಲ್ಲ ವೈರುಗಳನ್ನೂ ಮದರ್‌ಬೋರ್ಡಿನಿಂದ ಬಿಡಿಸಿ. 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ವೈರು ಒಂದೇ ಇರುತ್ತದೆ. ಅದಕ್ಕೂ ಪಕ್ಕದ ಕಪ್ಪು ವೈರಿಗೂ ಸಣ್ಣ ತಂತಿಯ ತುಂಡು ಸಿಕ್ಕಿಸಿ. ಭಾರವಿಲ್ಲದೆ ಕೆಲವು ಎಸ್‌ಎಂಪಿಎಸ್ ಏಳುವುದಿಲ್ಲ, ಹಾಗಾಗಿ ಹಳೆಯ ಡಿವಿಡಿ ಡ್ರೈವ್ ಒಂದನ್ನು ಜೋಡಿಸಿಟ್ಟು ಸ್ವಿಚ್ ಹಾಕಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು, ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಹಿಡಿದು ಅಳೆಯಿರಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ಇದರಾಚೆ ಹೋದರೆ ಎಸ್‌ಎಂಪಿಎಸ್ ಬದಲಿಸಿ. ಸರಿ ಬಂದರೂ ಪೂರ್ತಿ ನಂಬಬೇಡಿ, ಇದು ಖಾಲಿ ಗಾಡಿ ಎಳೆಸಿದ ಹಾಗೆ. ಸಾಧ್ಯವಾದರೆ ಪಕ್ಕದ ಮನೆಯ ಎಸ್‌ಎಂಪಿಎಸ್ ತಂದು ಹಾಕಿ ನೋಡಿ. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ (ಕರೆಂಟು ಕೂಡಿಟ್ಟುಕೊಳ್ಳುವ ಭಾಗ) 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಕೊನೆಗೆ ಮದರ್‌ಬೋರ್ಡು. ಪ್ರೊಸೆಸರಿನ ಸುತ್ತಲಿನ ಉರುಟು ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಕಾರಣ ಅಲ್ಲಿದೆ. ಇದಕ್ಕೆ ಬೋರ್ಡ್ ಎಸೆಯಬೇಕಿಲ್ಲ. ಟಿವಿ ರಿಪೇರಿ ಮಾಡುವವರು ಬೆಸುಗೆ ಹಾಕಿ ಕೊಡುತ್ತಾರೆ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯ, ಒಳರೋಧ ಕಡಿಮೆಯಿರುವ ಲೋ ಇಎಸ್‌ಆರ್ ಕೆಪಾಸಿಟರೇ ಬೇಕೆಂದು ಹೇಳಿ. ಸಾದಾ ಕೆಪಾಸಿಟರ್ ಅಲ್ಲಿ ಬಹಳ ದಿನ ಬಾಳುವುದಿಲ್ಲ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ತೋಟದ ಮನೆ. ಗುಡುಗು ಸಿಡಿಲಿನ ಮಾರನೇ ದಿನದಿಂದ ಕಂಪ್ಯೂಟರಿಗೆ ಜೀವವೇ ಇಲ್ಲ. ಫ್ಯಾನು, ದೀಪ ಯಾವುದೂ ಇಲ್ಲ. ಸ್ಪೈಕ್ ಬಸ್ಟರ್ ಹಾಕಿದ್ದೆವು.

ಉತ್ತರ: ಹತ್ತಿರದ ಸಿಡಿಲನ್ನು ಸ್ಪೈಕ್ ಬಸ್ಟರ್ ತಡೆಯಲಾರದು, ಆದರೆ ಎಷ್ಟೋ ಸಲ ತಾನೇ ಸುಟ್ಟುಕೊಂಡಿರುತ್ತದೆ. ಅದನ್ನು ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂದೆ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. 115ಕ್ಕೆ ಸರಿಸಿ ಕರೆಂಟು ಕೊಟ್ಟರೆ ಢಂ ಎನ್ನುತ್ತದೆ. 24 ಪಿನ್ನಿನ ಕನೆಕ್ಟರನ್ನು ಬೋರ್ಡಿನಲ್ಲೇ ಬಿಟ್ಟು, ನೇರಳೆ ವೈರಿನ ಹಿಂಬದಿಯಿಂದ ಅಳೆಯಿರಿ. ಸ್ವಿಚ್ ಹಾಕಿದೊಡನೆ, ಬಟನ್ ಒತ್ತುವ ಮೊದಲೇ, ಅಲ್ಲಿ 5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಕನೆಕ್ಟರನ್ನು ಬಿಡಿಸಿ ಮತ್ತೊಮ್ಮೆ ಅಳೆಯಿರಿ. ಆಗಲೂ ಇಲ್ಲವೆಂದರೆ ಎಸ್‌ಎಂಪಿಎಸ್ ಹೋಗಿದೆ. ಬಿಡಿಸಿದಾಗ ಮಾತ್ರ ಬಂದರೆ ಬೋರ್ಡಿನಲ್ಲಿ ಶಾರ್ಟ್ ಇದೆ.

ಮೊದಲೇ 5 ವೋಲ್ಟ್ ಇದ್ದೂ ಏಳದಿದ್ದರೆ, ಪವರ್ ಬಟನ್ನಿನ ವೈರು ಬೋರ್ಡಿಗೆ ಸೇರುವ ಎರಡು ಪಿನ್ನುಗಳನ್ನು ಸ್ಕ್ರೂ ಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಎದ್ದರೆ ಬಟನ್ನಿನದೇ ದೋಷ. ರೀಸೆಟ್ ಬಟನ್ನಿನ ವೈರನ್ನು ಅಲ್ಲಿ ಸಿಕ್ಕಿಸಿದರೆ ಕೆಲಸ ನಡೆಯುತ್ತದೆ. ಏಳದಿದ್ದರೆ ಲ್ಯಾನ್ ಪೋರ್ಟಿನ (ಇಂಟರ್ನೆಟ್ ವೈರು ಸಿಕ್ಕಿಸುವ ಜಾಗ) ಸುತ್ತ ಮಸಿ ಹಿಡಿದಿದೆಯೇ, ಹತ್ತಿರದ ಚಿಪ್ಪು ಸುಡುತ್ತಿದೆಯೇ ನೋಡಿ. ಸಿಡಿಲು ಕರೆಂಟಿನ ವೈರಿನಲ್ಲಿ ಮಾತ್ರ ಬರುವುದಿಲ್ಲ, ಇಂಟರ್ನೆಟ್ಟಿನ ತಾಮ್ರದ ವೈರಿನಲ್ಲೂ ಬರುತ್ತದೆ. ಗುಡುಗು ಕೇಳಿದರೆ ಎರಡನ್ನೂ ಕೀಳಬೇಕು. ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ ಕೆಲಸ ಮಾಡುವುದನ್ನು ಬಿಟ್ಟಿರುತ್ತದೆ. ಆಗಾಗ ಎರಡು ಕೊಡ ನೀರು ಹಾಕಿ.

ಪ್ರಶ್ನೆ: ಕಾರವಾರದಿಂದ. ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು.

ಉತ್ತರ: ಪ್ಲಗ್ ಕಿತ್ತು ರ‍್ಯಾಮ್ ತೆಗೆಯಿರಿ. ಬಂಗಾರದ ಬಣ್ಣದ ಪಟ್ಟಿಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ (ಮರಳು ಕಾಗದ ಬೇಡ), ಕ್ಲಿಪ್ಪು ಟಕ್ ಎನ್ನುವವರೆಗೆ ಮತ್ತೆ ಒತ್ತಿ ಹಾಕಿ. ಇದರಲ್ಲೇ ಹೆಚ್ಚಿನವು ಸರಿಹೋಗುತ್ತವೆ. ಆಗದಿದ್ದರೆ ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿ. ಬೋರ್ಡಿಗೆ ಸ್ಪೀಕರ್ ಇದ್ದು ಬೀಪ್ ಬಂದರೆ ಬೋರ್ಡೂ ಪ್ರೊಸೆಸರೂ ಬದುಕಿವೆ, ಬೇರೆ ರ‍್ಯಾಮ್ ಹಾಕಿ ನೋಡಿ.

ಬೋರ್ಡಿನ ಮೇಲಿರುವ ಸಿಆರ್2032 ಬಟನ್ ಸೆಲ್ಲನ್ನೂ ಅಳೆಯಿರಿ, 2.7 ವೋಲ್ಟಿಗಿಂತ ಕಡಿಮೆಯಿದ್ದರೆ ಬದಲಿಸಿ. ಆಮೇಲೆ ವಿಂಡೋಸ್ ಏಳುವಾಗ ನೀಲಿ ಪರದೆ ಬಂದರೆ ಫಾರ್ಮ್ಯಾಟ್ ಮಾಡಲು ಹೊರಡಬೇಡಿ. ಸೆಲ್ ಹೋದಾಗ ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕಿನೊಡನೆ ಮಾತಾಡುವ ರೀತಿ) ಬದಲಾಗಿರಬಹುದು. ಐಡಿಇ ಇದ್ದರೆ ಎಎಚ್‌ಸಿಐಗೆ, ಎಎಚ್‌ಸಿಐ ಇದ್ದರೆ ಐಡಿಇಗೆ ತಿರುಗಿಸಿ ಸೇವ್ ಮಾಡಿ ನೋಡಿ.