ಆರೋಗ್ಯದಲ್ಲಿ ನ್ಯಾಯ ಬೇಕಾದರೆ ಬೇರೆ ಇಲಾಖೆಗಳು ಯಾಕೆ ಸೇರಬೇಕು? ಮುಂದಾಳತ್ವ ಯಾರದ್ದು?

ಕಾಯಿಲೆ ಹೆಚ್ಚಾಗಿ ಶುರುವಾಗುವುದು ಆಸ್ಪತ್ರೆಯ ಹೊರಗೆ. ತೇವ ಹಿಡಿದ ಮನೆ, ಕೊಳಕು ನೀರು, ಸಾಕಾಗದ ಕೂಲಿ, ಅರ್ಧಕ್ಕೆ ನಿಂತ ಓದು. ಇವು ಯಾವುವೂ ಆರೋಗ್ಯ ಇಲಾಖೆಯೊಂದರ ಕೈಯಲ್ಲಿಲ್ಲ. ಇದೇನೂ ಹೊಸ ಮಾತಲ್ಲ. ಕೃಷಿ, ಶಿಕ್ಷಣ, ವಸತಿ ಎಲ್ಲವೂ ಈ ಕೆಲಸಕ್ಕೆ ಸೇರಬೇಕು ಎಂದು ಪ್ರಾಥಮಿಕ ಆರೋಗ್ಯ ಸೇವೆ ಕುರಿತ 1978ರ ಅಂತರರಾಷ್ಟ್ರೀಯ ಅಲ್ಮಾ ಅಟಾ ಘೋಷಣೆಯೇ ಹೇಳಿತ್ತು. ಮೈಕಲ್ ಮಾರ್ಮಟ್ ಅಧ್ಯಕ್ಷತೆಯ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2008ರಲ್ಲಿ ಇನ್ನೂ ನೇರವಾಗಿ ಮಾತಾಡಿತು: ಹಣ, ಅಧಿಕಾರ, ಸಂಪನ್ಮೂಲಗಳ ಹಂಚಿಕೆಯೇ ಸರಿಯಿಲ್ಲ, ಅದನ್ನು ಸರಿಪಡಿಸಿ ಎಂದಿತು.

ಕಷ್ಟ ಇರುವುದು ಜಾರಿಯಲ್ಲಿ. ವಸತಿ ಇಲಾಖೆ ಮನೆ ದುರಸ್ತಿಗೆ ದುಡ್ಡು ಹಾಕುತ್ತದೆ, ಉಳಿತಾಯ ಕಾಣುವುದು ಮಾತ್ರ ಆಸ್ಪತ್ರೆಯ ಲೆಕ್ಕದಲ್ಲಿ. ಹಾಗಿರುವಾಗ ಅವರು ಯಾಕೆ ಮುಂದೆ ಬರಬೇಕು, ಅಲ್ವಾ? ದಕ್ಷಿಣ ಆಸ್ಟ್ರೇಲಿಯಾ ರಾಜ್ಯ 2007ರಿಂದ ಇದಕ್ಕೊಂದು ದಾರಿ ಹಿಡಿಯಿತು. ಆರೋಗ್ಯದವರು ಬೇರೆ ಇಲಾಖೆಗೆ ಹೋಗಿ, ಆ ಇಲಾಖೆಯ ಗುರಿಯಿಂದಲೇ ಮಾತು ಶುರು ಮಾಡುತ್ತಿದ್ದರು. ಬೆನ್ನಿಗೆ ಸರ್ಕಾರದ ಮುಖ್ಯಸ್ಥರ ಕಚೇರಿಯ ಬಲ ಇತ್ತು. ನನ್ನ ಪ್ರಕಾರ ಆ ಬಲವೇ ದೊಡ್ಡದು. ಅದಿಲ್ಲದ ಸಮನ್ವಯ ಸಮಿತಿಗಳು ಸುಮ್ನೆ ಸಭೆ ಸೇರಿ, ಚಹಾ ಕುಡಿದು ಎದ್ದು ಹೋಗುತ್ತವೆ.

ಹಾಗಾಗಿ ಮುಂದಾಳು ವೈದ್ಯರೇ ಆಗಬೇಕೆಂದಿಲ್ಲ. ಎರಡು ಇಲಾಖೆಗಳ ಬಜೆಟ್ ಒಟ್ಟಿಗೆ ತರುವ ಅಧಿಕಾರ ಇದ್ದವರು ಬೇಕು. ಸಂಘ ಸಂಸ್ಥೆಗಳು, ಖಾಸಗಿ ಕಂಪನಿಗಳೂ ಸೇರಬಹುದು. ಆದರೆ ತಂಬಾಕು ಕಂಪನಿಯಂಥವರನ್ನು ನೀತಿ ಮಾಡುವ ಜಾಗದಿಂದ ದೂರ ಇಡಬೇಕು. ತೊಂದರೆ ಅನುಭವಿಸುತ್ತಿರುವ ಜನರಿಗೆ ಬರೀ ಅಭಿಪ್ರಾಯ ಹೇಳುವ ಅವಕಾಶ ಸಾಲದು, ದುಡ್ಡು ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನದಲ್ಲೂ ಪಾಲು ಕೊಡಬೇಕು.