ನಮ್ಮ ಅಗರಬತ್ತಿ ಬ್ರ್ಯಾಂಡಿನ ನಕಲಿ ಮಾಲು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಮಾರುತ್ತಿದ್ದಾರೆ. ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದ್ದೇವೆ. ಅಮೆಜಾನ್ ಮೇಲೆ ಕೋಟಿಗಟ್ಟಲೆ ಪರಿಹಾರ ಹಾಕಿದ ತೀರ್ಪೊಂದನ್ನು ನಮ್ಮ ವಕೀಲರು ತೋರಿಸಿದರು. ಮಾರ್ಕೆಟ್‌ಪ್ಲೇಸ್ ಮೇಲೆ ಕೇಸ್ ಹಾಕಿದರೆ ಪರಿಹಾರ ಸಿಗುತ್ತದಾ, ಅಥವಾ ಪೊಲೀಸರ ಹತ್ತಿರ ಹೋಗಬೇಕಾ?

ಎರಡೂ ಬೇಡ, ಸದ್ಯಕ್ಕೆ. ಮೊದಲು ಒಂದು ಮಾತು ಹೇಳಿ. ಆ ನಕಲಿ ಪ್ಯಾಕೆಟ್ ಒಂದನ್ನಾದರೂ ದುಡ್ಡು ಕೊಟ್ಟು ತರಿಸಿದ್ದೀರಾ? ನಿಮ್ಮ ಪ್ರಶ್ನೆಯ ಜೊತೆ ಫೋಟೋ ಇದೆ, ಸ್ಕ್ರೀನ್‌ಶಾಟ್ ಇದೆ, ಸಿಟ್ಟು ಇದೆ. ಮಾಲು ಮಾತ್ರ ಕಾಣುತ್ತಿಲ್ಲ. ಮಾಲು ಕೈಯಲ್ಲಿ ಇಲ್ಲದೆ ನಾನು ಹೊರಟು ಏನಾಯಿತು ಅಂತ ಹೇಳುತ್ತೇನೆ.

ನಮ್ಮದು ತಿಪಟೂರು. ಗಾಣದಲ್ಲಿ ತೆಗೆದ ಕೊಬ್ಬರಿ ಎಣ್ಣೆಗೆ ದಾಸವಾಳ, ಕರಿಬೇವು, ಗರುಗದ ಸೊಪ್ಪು ಹಾಕಿ ಕಾಸಿ ತಲೆಗೆ ಹಚ್ಚುವ ಎಣ್ಣೆ ಮಾಡುತ್ತೇವೆ. ಬ್ರ್ಯಾಂಡ್ ಹೆಸರು ಇಲ್ಲಿ ಹಾಕುವುದಿಲ್ಲ, ಪ್ರಚಾರ ಅಂತೀರಿ. ಅಂಗಡಿಗಳಿಗೆ ಕೊಡುತ್ತಿದ್ದೆವು, ಆಮೇಲೆ ಒಂದು ದೊಡ್ಡ ಮಾರ್ಕೆಟ್‌ಪ್ಲೇಸ್‌ನಲ್ಲೂ ಹಾಕಿದೆವು. ರೇಟಿಂಗ್ ಚೆನ್ನಾಗಿತ್ತು. ಒಂದು ದಿನ ಒಂದು ಸ್ಟಾರ್ ಬಂತು. "ಅಂಟು ಅಂಟು, ಕೊಬ್ಬರಿ ವಾಸನೆಯೇ ಇಲ್ಲ, ಮೋಸ." ಒಂದು ವಾರದಲ್ಲಿ ಅಂಥದ್ದೇ ಇನ್ನೂ ಕೆಲವು. ಒಬ್ಬರು ಬಾಟಲಿ ಫೋಟೋ ಹಾಕಿದ್ದರು. ಹಿಗ್ಗಿಸಿ ನೋಡಿದರೆ ಲೇಬಲ್ ನಮ್ಮದೇ, ಬಣ್ಣ ನಮ್ಮದೇ. ಆದರೆ 'ಎಣ್ಣೆ' ಅನ್ನುವ ಕಡೆ ಒತ್ತು ಬಿದ್ದುಹೋಗಿ 'ಎಣೆ' ಆಗಿತ್ತು. ಕನ್ನಡ ಓದಲು ಬಾರದ ಯಾರೋ ಕಂಪ್ಯೂಟರಿನಲ್ಲಿ ಕೂತು ನಮ್ಮ ಲೇಬಲ್ ನೋಡಿ ನೋಡಿ ಮತ್ತೆ ಕಟ್ಟಿದ್ದರು.

ಇದು ಬೇರೆ ಪೇಜ್‌ನಲ್ಲಿ ಮಾರುತ್ತಿದ್ದುದಲ್ಲ, ನಮ್ಮದೇ ಪೇಜ್‌ನಲ್ಲಿ. ಅದು ಹೇಗೆ ಅಂತ ಕೇಳಬಹುದು. ಈ ಮಾರ್ಕೆಟ್‌ಪ್ಲೇಸ್‌ಗಳಲ್ಲಿ "ನಾನೂ ಇದೇ ಸಾಮಾನು ಮಾರುತ್ತೇನೆ" ಅಂದವರು ಅದೇ ಪೇಜ್‌ಗೆ ಅಂಟಿಕೊಳ್ಳಬಹುದು. ಫೋಟೋ ನಮ್ಮದು, ರಿವ್ಯೂ ನಮ್ಮದು, ಸ್ಟಾರ್ ನಮ್ಮದು. ಬೆಲೆ ಕಡಿಮೆ ಇಟ್ಟವನಿಗೆ ಆರ್ಡರ್ ಹೋಗುವ ಸಾಧ್ಯತೆ ಜಾಸ್ತಿ. ನಮ್ಮ ಬಾಟಲಿ 240 ರೂಪಾಯಿ, ಅವನದ್ದು 139. ನಿಮ್ಮ ಸ್ಕ್ರೀನ್‌ಶಾಟ್ ನೋಡಿದರೆ ನಿಮ್ಮ ಕಥೆಯೂ ಅದೇ ಅನ್ನಿಸುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ "ಇತರ ಮಾರಾಟಗಾರರು" ಅಂತ ಇದೆ ನೋಡಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ರಾತ್ರಿ ಊಟ ಬಿಟ್ಟು ಕೂತು ಮಾರ್ಕೆಟ್‌ಪ್ಲೇಸ್‌ನ ರಿಪೋರ್ಟ್ ಫಾರ್ಮ್ ತುಂಬಿದೆ. ಟ್ರೇಡ್‌ಮಾರ್ಕ್ ಸರ್ಟಿಫಿಕೇಟ್ ಇತ್ತು, ಅದನ್ನೂ ಹಾಕಿದೆ. 'ನಕಲಿ' ಅಂತ ಟಿಕ್ ಮಾಡಿದೆ. ನಮ್ಮನ್ನು ಬಿಟ್ಟು ಆ ಪೇಜ್‌ನಲ್ಲಿ ಇದ್ದ ಎಲ್ಲ ಮಾರಾಟಗಾರರ ಹೆಸರನ್ನೂ ಬರೆದೆ. ಬಾಟಲಿ ತರಿಸಿರಲಿಲ್ಲ. ಕಣ್ಣಿಗೆ ಕಾಣುತ್ತಿದೆಯಲ್ಲ, ಇನ್ನೇನು ಬೇಕು ಅಂದುಕೊಂಡೆ. ಕಳ್ಳ ಯಾರು ಅಂತ ಗೊತ್ತಾಗುವ ಮೊದಲೇ ಊರಿಗೆಲ್ಲ ಡಂಗೂರ ಸಾರಿದ ಹಾಗಾಯಿತು.

ಮೊದಲನೆಯದು, ಪೇಜ್ ಪೂರ್ತಿ ಹೋಯಿತು. ನಕಲಿ ದೂರು ಬಂದ ಪೇಜ್ ಅಂತ ಅವರ ಸಿಸ್ಟಂ ಅದನ್ನು ಇಡಿಯಾಗಿ ನಿಲ್ಲಿಸಿತು. ನಮ್ಮ ಸ್ಟಾಕ್, ನಮ್ಮ ರಿವ್ಯೂ ಎಲ್ಲ ಅದರ ಜೊತೆಗೇ. "ನಿಮ್ಮ ದೂರಿನ ಮೇಲೆ ಕ್ರಮ ತೆಗೆದುಕೊಂಡಿದ್ದೇವೆ" ಅಂತ ಮೇಲ್ ಬಂತು. ದೀಪಾವಳಿ ಎದುರಿಗಿತ್ತು. ಎಣ್ಣೆ ಸ್ನಾನದ ಹಬ್ಬಕ್ಕೆ ಎಣ್ಣೆ ಮಾರುವವನ ಪೇಜ್ ಇಲ್ಲ. ವಾಪಸ್ ಬಂದಾಗ ಹಬ್ಬ ಮುಗಿದಿತ್ತು.

ಎರಡನೆಯದು ಇನ್ನೂ ಕೆಟ್ಟದ್ದು. ನಾನು ಬರೆದ ಹೆಸರುಗಳಲ್ಲಿ ಹುಬ್ಬಳ್ಳಿಯ ಒಬ್ಬರು ಅಂಗಡಿಯವರಿದ್ದರು. ಅವರು ಮಾರುತ್ತಿದ್ದುದು ಅಸಲಿ. ನಮ್ಮದೇ ಡಿಸ್ಟ್ರಿಬ್ಯೂಟರ್ ಹತ್ತಿರ ಬಿಲ್ ಹಾಕಿಸಿ ಕೊಂಡ ಮಾಲು, ಸ್ವಲ್ಪ ಲಾಭ ಬಿಟ್ಟು ಕಡಿಮೆಗೆ ಹಾಕಿದ್ದರು ಅಷ್ಟೇ. ಅವರ ಅಕೌಂಟ್ ಬಂದ್ ಆಯಿತು. ಫೋನ್ ಮಾಡಿದರು. "ಅಲ್ರೀ, ನಿಮ್ಮ ಮಾಲೇ ತಗೊಂಡು ಮಾರಿದ್ರ ನನ್ನೇ ಕಳ್ಳ ಮಾಡ್ತೀರಲ್ರೀ?" ಆಮೇಲೆ ಅವರ ವಕೀಲರ ನೋಟಿಸ್ ಬಂತು. ಕಾನೂನು ಅವರ ಕಡೆಗೇ ಇತ್ತು. ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಸೆಕ್ಷನ್ 30ರ ಪ್ರಕಾರ, ನ್ಯಾಯವಾಗಿ ಕೊಂಡ ಅಸಲಿ ಮಾಲನ್ನು ಕೊಂಡವನು ಮತ್ತೆ ಮಾರಬಹುದು, ಮಾಲಿನ ಸ್ಥಿತಿ ಕೆಡದಿದ್ದರೆ ಸಾಕು. ಅಗ್ಗ ಅಂದ ಮಾತ್ರಕ್ಕೆ ನಕಲಿ ಅಲ್ಲ. ನೀವು "ಅರ್ಧ ಬೆಲೆ" ಅನ್ನುವುದನ್ನೇ ಸಾಕ್ಷಿ ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ಎಳೆದು ಹೇಳುತ್ತಿರುವುದು. ನಿಮ್ಮ ಡಿಸ್ಟ್ರಿಬ್ಯೂಟರ್ ಹಳೇ ಸ್ಟಾಕ್ ತಳ್ಳುತ್ತಿರಬಹುದು, ಮೊದಲು ಅವರ ಲೆಕ್ಕ ನೋಡಿ.

ಮೂರನೆಯದು, ನಿಜವಾದ ನಕಲಿಯವನು ಸಿಗಲೇ ಇಲ್ಲ. ಪೇಜ್ ಹೋದ ಮೇಲೆ ಅವನ ಹೆಸರೂ ಹೋಯಿತು. ತುಮಕೂರಿನ ವಕೀಲರ ಹತ್ತಿರ ಫೈಲ್ ಹಿಡಿದು ಹೋದೆ. ಅವರು ಒಂದೊಂದೇ ಸ್ಕ್ರೀನ್‌ಶಾಟ್ ತಿರುವಿ ಹಾಕಿ, "ಬಾಟಲಿ ಎಲ್ಲಿ? ಬಿಲ್ ಎಲ್ಲಿ? ಯಾರ ಮೇಲೆ ಹಾಕ್ಲಿ ಕೇಸು?" ಅಂದರು. ಮಾರಾಟಗಾರನ ವಿಳಾಸ ಕೊಡಿ ಅಂತ ಮಾರ್ಕೆಟ್‌ಪ್ಲೇಸ್‌ಗೆ ಬರೆದರೆ ಕೋರ್ಟ್ ಆದೇಶ ತನ್ನಿ ಅಂದರು. ಆದೇಶ ಬೇಕಾದರೆ ಸಾಕ್ಷಿ ಬೇಕು. ಸಾಕ್ಷಿಯನ್ನು ನಾನೇ ಒಂದು ಕ್ಲಿಕ್ಕಿನಲ್ಲಿ ಅಳಿಸಿದ್ದೆ.

139 ರೂಪಾಯಿ ಕೊಟ್ಟು ಒಂದು ಬಾಟಲಿ ತರಿಸಿದ್ದರೆ ಏನೇನು ಸಿಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಗ್ರಾಹಕರ ರಕ್ಷಣೆಗೆ ಅಂತ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳಿವೆ. ಅದರ 5ನೇ ನಿಯಮದಲ್ಲಿ ಎರಡು ಮಾತು ನಮಗೆ ಚಿನ್ನ. ಒಂದು, ಸಾಮಾನು ಕೊಂಡ ಗ್ರಾಹಕ ಬರೆದು ಕೇಳಿದರೆ ಮಾರಾಟಗಾರನ ಮುಖ್ಯ ಕಚೇರಿ ವಿಳಾಸ, ಇಮೇಲ್ ಎಲ್ಲವನ್ನೂ ಮಾರ್ಕೆಟ್‌ಪ್ಲೇಸ್ ಕೊಡಬೇಕು. ಬ್ರ್ಯಾಂಡ್ ಮಾಲೀಕನಾಗಿ ಕೇಳಿದರೆ ಸಿಗದ ವಿಳಾಸ, ಕೊಂಡವರು ಕೇಳಿದರೆ ಸಿಗುತ್ತದೆ! ಇನ್ನೊಂದು, ಟ್ರೇಡ್‌ಮಾರ್ಕ್ ಕಾರಣಕ್ಕೆ ಮಾಲು ತೆಗೆಸಿಕೊಂಡವನು ಮತ್ತೆ ಮತ್ತೆ ಅಂಥದ್ದನ್ನೇ ತಂದರೆ ಅವನ ವಿವರವನ್ನು ಅವರು ದಾಖಲೆಯಲ್ಲಿ ಇಡಬೇಕು. ಹೊರಗೆ ಹಾಕಲೇಬೇಕು ಅಂತ ನಿಯಮ ಹೇಳುವುದಿಲ್ಲ, ಆದರೂ ಮುಂದೆ ಕೋರ್ಟಿನಲ್ಲಿ "ನಮಗೆ ಗೊತ್ತೇ ಇರಲಿಲ್ಲ" ಅನ್ನುವುದು ಅವರಿಗೆ ಕಷ್ಟ.

ಸಂಕ್ರಾಂತಿ ಕಳೆದ ಮೇಲೆ ಅದೇ ಬಾಟಲಿ ಬೇರೆ ಹೆಸರಿನಲ್ಲಿ ಬಂತು. ಈ ಸಲ ಬಾಯಿ ಮುಚ್ಚಿಕೊಂಡು ಇದ್ದೆ. ದಾವಣಗೆರೆಯಲ್ಲಿರುವ ಅತ್ತಿಗೆಗೆ ಹೇಳಿ ಅವರ ಅಕೌಂಟಿನಿಂದ, ಅವರ ಮನೆ ವಿಳಾಸಕ್ಕೆ ತರಿಸಿದೆ. ಕವರ್ ಬಿಚ್ಚುವ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ವಿಡಿಯೋ ಮಾಡಿದರು. ಕವರ್ ಮೇಲಿನ ವಿಳಾಸ ಚೀಟಿ, ಒಳಗಿನ ಬಿಲ್ಲು, ಮುಚ್ಚಳ, ಲೇಬಲ್ ಎಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇತ್ತು. ಮೊದಲ ಎರಡು ಅಂಕಿ ನೋಡಿದರೆ ಯಾವ ರಾಜ್ಯ ಅಂತ ಗೊತ್ತಾಗುತ್ತದೆ, ನಮ್ಮ ಕರ್ನಾಟಕದ್ದು 29. ಇದು 29 ಅಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಮಾಲೀಕನ ಹೆಸರು ಬಂತು.

ಬಾಟಲಿ ತಿಪಟೂರಿಗೆ ಬಂದಾಗ ನಮ್ಮದರ ಪಕ್ಕ ಇಟ್ಟು ನೋಡಿದೆವು. ಬ್ಯಾಚ್ ನಂಬರನ್ನು ನಾವು ಲೇಬಲ್ ಅಂಟಿಸಿದ ಮೇಲೆ ಕೈಯಲ್ಲಿ ಹಿಡಿಯುವ ಮಷಿನ್‌ನಲ್ಲಿ ಹೊಡೆಯುತ್ತೇವೆ. ಒಮ್ಮೊಮ್ಮೆ ವಾರೆಯಾಗುತ್ತದೆ, ಶಾಯಿ ಹರಡುತ್ತದೆ. ನಕಲಿ ಬಾಟಲಿಯಲ್ಲಿ ಬ್ಯಾಚ್ ನಂಬರ್ ಲೇಬಲ್ ಜೊತೆಗೇ ಅಚ್ಚಾಗಿತ್ತು. ನಮ್ಮ ಯಾವುದೋ ಒಂದು ಬಾಟಲಿಯ ವಾರೆ ನಂಬರು, ಅದರ ಕೊನೆಯ ಸೊನ್ನೆಯ ಮೇಲೆ ಹರಡಿದ ಶಾಯಿ ಕಲೆ ಸಮೇತ. ಇನ್ನೊಂದು ತರಿಸಿದೆವು, ಅದರಲ್ಲೂ ಅದೇ ನಂಬರು, ಅದೇ ಕಲೆ. ವಕೀಲರು ಭೂತಗನ್ನಡಿ ಹಿಡಿದು ನೋಡಿ ನಕ್ಕರು. "ಇದು ಸಾಕು" ಅಂದರು. ನಿಮ್ಮ ಅಗರಬತ್ತಿ ಪ್ಯಾಕೆಟ್ಟಿನಲ್ಲೂ ಇಂಥದ್ದು ಏನಾದರೂ ಇದ್ದೇ ಇರುತ್ತದೆ. ಬೆಲೆ, ತಿಂಗಳು ಹೊಡೆಯುವ ಜಾಗ ನೋಡಿ.

ನೋಟಿಸ್ ಹೋಗಿದ್ದು ಮಾರಿದವನಿಗೆ. ಮಾರ್ಕೆಟ್‌ಪ್ಲೇಸ್‌ನ ಕುಂದುಕೊರತೆ ಅಧಿಕಾರಿಗೆ ಬರೀ ದೂರು, ಆರ್ಡರ್ ನಂಬರ್ ಸಮೇತ, ಆ ಒಬ್ಬ ಮಾರಾಟಗಾರನ ಹೆಸರು ಮಾತ್ರ ಹಾಕಿ. 2021ರ ಐಟಿ ನಿಯಮಗಳ ಪ್ರಕಾರ ದೂರು ತಲುಪಿತು ಅಂತ 24 ಗಂಟೆಯಲ್ಲಿ ಹೇಳಬೇಕು, ಇಂತಿಷ್ಟು ದಿನದೊಳಗೆ ಇತ್ಯರ್ಥ ಮಾಡಬೇಕು. ಈ ಸಲ ಅವನೊಬ್ಬನನ್ನೇ ತೆಗೆದರು, ನಮ್ಮ ಪೇಜ್ ಹಾಗೇ ಉಳಿಯಿತು. ಅವನು ಮೊದಲು ಜೋರು ಮಾಡಿದ. ಬ್ಯಾಚ್ ನಂಬರಿನ ಫೋಟೋ ಕಳಿಸಿದ ಮೇಲೆ ಇಳಿದ. ಇನ್ನು ಮಾರುವುದಿಲ್ಲ ಅಂತ ಬರೆದುಕೊಟ್ಟ, ಉಳಿದ ಲೇಬಲ್ ರೋಲ್ ಕಳಿಸಿದ, ವಕೀಲರ ಖರ್ಚು ಗಿಟ್ಟುವಷ್ಟು ದುಡ್ಡು ಕೊಟ್ಟ. ಹಬ್ಬದ ನಷ್ಟ ಯಾರೂ ಕೊಡಲಿಲ್ಲ.

ಇನ್ನು ನಿಮ್ಮ ವಕೀಲರು ತೋರಿಸಿದ ಆ ದೊಡ್ಡ ತೀರ್ಪು. ಬೆವರ್ಲಿ ಹಿಲ್ಸ್ ಪೋಲೋ ಕ್ಲಬ್‌ನ ಕುದುರೆ ಲೋಗೋ ವಿಷಯದಲ್ಲಿ 2025ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಮೆಜಾನ್ ಟೆಕ್ನಾಲಜೀಸ್ ಮೇಲೆ ಸುಮಾರು 340 ಕೋಟಿ ರೂಪಾಯಿ ಹಾಕಿತು, ನಿಜ. ಅದೇ ವರ್ಷ ಜುಲೈನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಅದನ್ನು ನಿಮಗೆ ಹೇಳಲಿಲ್ಲ ಅಲ್ವಾ? ಮಾರ್ಕೆಟ್‌ಪ್ಲೇಸ್‌ಗಳಿಗೆ ಐಟಿ ಕಾಯ್ದೆಯ ಸೆಕ್ಷನ್ 79ರ ರಕ್ಷಣೆ ಇದೆ, "ನಾವು ಬರೀ ನಡುವಿನವರು" ಅಂತ. 2018ರಲ್ಲಿ ಕ್ರಿಶ್ಚಿಯನ್ ಲೂಬುಟಾನ್ ಶೂ ಕೇಸಿನಲ್ಲಿ ದೆಹಲಿ ಹೈಕೋರ್ಟು, ಪ್ಯಾಕಿಂಗ್, ಪ್ರಚಾರ, ಗ್ಯಾರಂಟಿ ಅಂತ ವ್ಯಾಪಾರದಲ್ಲಿ ಕೈ ಹಾಕಿದವರಿಗೆ ಆ ರಕ್ಷಣೆ ಸುಮ್ನೆ ಸಿಗುವುದಿಲ್ಲ ಅಂದಿತು. 2020ರಲ್ಲಿ ಆಮ್ವೇ ಕೇಸಿನಲ್ಲಿ ವಿಭಾಗೀಯ ಪೀಠ, ಕೈ ಹಾಕಿದವರು, ಹಾಕದವರು ಅಂತ ಕಾಯ್ದೆ ಭೇದ ಮಾಡಿಲ್ಲ ಅಂದಿತು. ದೊಡ್ಡ ದೊಡ್ಡವರು ವರ್ಷಗಟ್ಟಲೆ ಗುದ್ದಾಡುತ್ತಿರುವ ಜಾಗ ಇದು. ಅಗರಬತ್ತಿ ಮಾರಿದ ದುಡ್ಡು ಅಲ್ಲಿ ಹಾಕಬೇಡಿ.

ನಮಗೆ ಉಪಯೋಗಕ್ಕೆ ಬರುವ ಕೇಸ್ ಬೇರೆ ಇದೆ, ಅದರ ಸುದ್ದಿ ಯಾರೂ ಎತ್ತುವುದಿಲ್ಲ. 2022ರಲ್ಲಿ 'ವಿ ಟ್ರೆಡಿಷನ್' ಅನ್ನುವ ಹೆಂಗಸರ ಬಟ್ಟೆ ಬ್ರ್ಯಾಂಡಿನವರು ಫ್ಲಿಪ್‌ಕಾರ್ಟ್ ವಿರುದ್ಧ ಹೋದರು. ಅವರ ಹೆಸರು, ಅವರ ಫೋಟೋಕ್ಕೆ ಬೇರೆ ಮಾರಾಟಗಾರರು ಅಂಟಿಕೊಳ್ಳಲು ಬಿಡುವುದು ಸರಿಯಲ್ಲ ಅಂತ ದೆಹಲಿ ಹೈಕೋರ್ಟು ಹೇಳಿತು, ಅದನ್ನು ತಡೆಯಿತು. ಕೋಟಿ ಕೇಳಿದರೆ ಸಿಗದೇ ಹೋಗಬಹುದು, ಅಂಟಿಕೊಳ್ಳುವುದನ್ನು ನಿಲ್ಲಿಸಿ ಅಂದರೆ ಸಿಗುವ ಸಾಧ್ಯತೆ ಜಾಸ್ತಿ. ದೂರಿನಲ್ಲಿ ಇದನ್ನು ಉಲ್ಲೇಖಿಸಿ.

ಪೊಲೀಸರ ವಿಷಯ. ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 103, 104ರಲ್ಲಿ ನಕಲಿ ಮಾರ್ಕ್ ಹಾಕಿದವರಿಗೂ ಮಾರಿದವರಿಗೂ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ. ಆದರೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ದಾಳಿ ಮಾಡುವಂತಿಲ್ಲ, ಅದಕ್ಕೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ತರಿಸಬೇಕು. ಗೋಡೌನ್ ಎಲ್ಲಿದೆ ಅಂತ ಗೊತ್ತಿದ್ದರೆ ಮಾತ್ರ ಅದು ಕೆಲಸದ ದಾರಿ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ನಕಲಿ ಜಾಲ ಸಿಕ್ಕಿಬಿತ್ತಲ್ಲ, ಆ ಸೋಪು ಮಾಡುವ ಕೆಎಸ್‌ಡಿಎಲ್‌ನವರೂ ಮೊದಲು ಗಿರಾಕಿಗಳ ಹಾಗೆ ನಕಲಿ ಸೋಪು ಕೊಂಡೇ ಜಾಡು ಹಿಡಿದದ್ದು. ಸರ್ಕಾರಿ ಕಂಪನಿಯೇ ಮಾಲು ಕೊಂಡು ಹೊರಟಿತು ಅಂದ ಮೇಲೆ ನಮ್ಮಂಥವರಿಗೇನು.

ಕೊನೆಗೆ ನಿಮ್ಮ ಅರ್ಜಿ. ಅಗರಬತ್ತಿ 3ನೇ ಕ್ಲಾಸಿಗೆ ಬರುತ್ತದೆ, ಅದರಲ್ಲೇ ಹಾಕಿದ್ದೀರಾ ನೋಡಿಕೊಳ್ಳಿ. ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಯಾರಾದರೂ ವಿರೋಧಿಸಲು 4 ತಿಂಗಳು ಸಮಯ ಇರುತ್ತದೆ. ನೋಂದಣಿ ಆಗುವವರೆಗೆ ಟ್ರೇಡ್‌ಮಾರ್ಕ್ ಉಲ್ಲಂಘನೆ ಅಂತ ಕೇಸ್ ಹಾಕಲು ಸೆಕ್ಷನ್ 27 ಬಿಡುವುದಿಲ್ಲ. 'ಪಾಸಿಂಗ್ ಆಫ್' ಅಂತ, ಅಂದರೆ ತಮ್ಮ ಮಾಲನ್ನು ನಿಮ್ಮದೆಂದು ನಂಬಿಸಿ ಮಾರುತ್ತಿದ್ದಾರೆ ಅಂತ ಹಾಕಬಹುದು, ಅದಕ್ಕೆ ನೀವು ಎಷ್ಟು ವರ್ಷದಿಂದ ಈ ಹೆಸರಿನಲ್ಲಿ ಮಾರುತ್ತಿದ್ದೀರಿ ಅಂತ ತೋರಿಸುವ ಹಳೇ ಬಿಲ್ಲು, ಜಾಹೀರಾತು ಎಲ್ಲ ಹುಡುಕಿ ಇಡಿ. ಮತ್ತೆ ನೀವು ಹಾಕಿರುವ ಅಸಲಿ ಪ್ಯಾಕೆಟ್ ಫೋಟೋದಲ್ಲಿ ಹೆಸರಿನ ಪಕ್ಕ ವೃತ್ತದೊಳಗೆ 'ಆರ್' ಕಾಣುತ್ತಿದೆ. ಅರ್ಜಿ ಹಂತದಲ್ಲಿ 'ಟಿಎಂ' ಮಾತ್ರ ಹಾಕಬಹುದು. ನೋಂದಣಿ ಆಗದೆ 'ಆರ್' ಹಾಕಿದರೆ ಸೆಕ್ಷನ್ 107ರಲ್ಲಿ ದಂಡ ಇದೆ. ನೋಟಿಸ್ ಕಳಿಸುವ ಮೊದಲು ಅದನ್ನು ತೆಗೆಸಿ, ಎದುರಿನ ವಕೀಲರು ಮೊದಲು ಹಿಡಿಯುವುದೇ ಅದನ್ನು.