ಮೊದಲು ಆ ವಿಚಾರಣೆಯ ದಿನವನ್ನು ಬರೆಯಿರಿ

ಪ್ರಿಯರೇ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚಿಗೆ ತೆಗೆದುಕೊಳ್ಳಲಾರೆ. ಆದರೆ ಎರಡು ಸಾಲು ಗೀಚಿ ವಾಪಸ್ ಕಳಿಸಲು ಮನಸ್ಸು ಒಪ್ಪಲಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಊರು, ಹಲವು ಹಳ್ಳಿಗಳಿಗೆ ಸೇರಿ ಆಗ ಇದ್ದ ಮಂಡಲ ಪಂಚಾಯತಿಗೆ 1987ರಲ್ಲಿ ನಡೆದ ಚುನಾವಣೆ. ಗೇಣಿದಾರನ ಮಗ ಗಣಪತಿಯೂ ಗೌಡರ ಮನೆಯ ಬಸವರಾಜನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಈಗ ಎದುರಾಳಿಗಳು. ಇಬ್ಬರ ಮನಸ್ಸಿನಲ್ಲೂ ಗೌರಿ. ಕುರ್ಚಿ ಗಣಪತಿಗೆ ಸಿಗುತ್ತದೆ, ಗೌರಿ ಬಸವರಾಜನ ಹೆಂಡತಿಯಾಗುತ್ತಾಳೆ. ನಿಮ್ಮ ಕತೆ ಇಷ್ಟು.

ಸಣ್ಣ ತಪ್ಪೊಂದನ್ನು ಮೊದಲು ಹೇಳಿಬಿಡುತ್ತೇನೆ. ಗಣಪತಿಯನ್ನು ಉದ್ದಕ್ಕೂ ‘ಅಧ್ಯಕ್ಷ’ ಎಂದು ಕರೆದಿದ್ದೀರಿ. ಮಂಡಲಕ್ಕೆ ಆಗ ಇದ್ದವರು ಪ್ರಧಾನ, ಉಪಪ್ರಧಾನ. ಅಧ್ಯಕ್ಷರು ಜಿಲ್ಲಾ ಪರಿಷತ್ತಿಗೆ. ಊರಿನವರ ಬಾಯಲ್ಲಿ ‘ಪ್ರಧಾನ್ರು’ ಎನ್ನುವ ಮಾತು ಹೊಸದಾಗಿ ಮೊಳೆತ ವರ್ಷ ಅದು. ಆ ಮಾತನ್ನು ಮೊದಲ ಸಲ ಕೇಳಿಸಿಕೊಂಡಾಗ ಗಣಪತಿಯ ಕಿವಿಗೆ ಏನನ್ನಿಸಿತು ಎಂಬುದನ್ನೇ ನೀವು ಕಳೆದುಕೊಂಡಿದ್ದೀರಿ.

ದೊಡ್ಡ ತೊಂದರೆ ಬೇರೆಯದು. ಗಣಪತಿಗೆ ಅಧಿಕಾರದ ಹಸಿವು ಎಲ್ಲಿಂದ ಬಂತು? ಕಾಲೇಜಿನ ಭಾಷಣ ಸ್ಪರ್ಧೆಯಿಂದ ಎನ್ನುತ್ತೀರಿ. ನನಗೆ ನಂಬಿಕೆ ಬರಲಿಲ್ಲ, ಯಾಕೆಂದರೆ ನಿಜವಾದ ಕಾರಣವನ್ನು ನೀವೇ ಒಂದು ಸಾಲಿನಲ್ಲಿ ದಾಟಿ ಹೋಗಿದ್ದೀರಿ: ‘1976ರಲ್ಲಿ ಅಪ್ಪನಿಗೆ ಎರಡೂವರೆ ಎಕರೆ ಆಯಿತು.’ ಆಯಿತು ಅಂದರೆ? ಸುಮ್ಮನೆ ಆಗುವಂಥದ್ದೇ ಅದು? ಉಳುವವನಿಗೇ ಭೂಮಿ ಎಂದ, ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರ ಗದ್ದೆ ತನಗೆ ಬರಬೇಕೆಂದು ಕೇಳುವ ಅರ್ಜಿ, ಫಾರಂ ನಂಬರ್ 7, ತುಂಬಿ ಭೂ ನ್ಯಾಯಮಂಡಳಿಯ ಮುಂದೆ ವಿಚಾರಣೆಗೆ ನಿಲ್ಲಬೇಕಿತ್ತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಹಾಗಾದರೆ ಅವತ್ತು ಮಾತಾಡಿದ್ದು ಯಾರು? ಆ ಅಪ್ಪನೇ. ಗೌಡರ ಜಗಲಿ ಹತ್ತದೆ, ಅಂಗಳದಲ್ಲಿ ನಿಂತೇ ಮಾತು ಮುಗಿಸುತ್ತಿದ್ದ ಮನುಷ್ಯ, ಗೌಡರ ಎದುರಿಗೇ ‘ಈ ಗದ್ದೆ ಉಳ್ತಾ ಇರೋದು ನಾನು’ ಎನ್ನಬೇಕಾಯಿತು. ಸಾಗರದ ಬಳಿಯ ಕಾಗೋಡಿನಲ್ಲಿ 1951ರ ಗೇಣಿದಾರರ ಸತ್ಯಾಗ್ರಹ ಎದ್ದದ್ದು ಗೇಣಿ ಅಳೆಯುವ ಕೊಳಗದ ಜಗಳದಿಂದ. ಅದೇ ಸೀಮೆಯ ಅಪ್ಪ ಈತ. ಕೊಳಗ ತುಂಬಿ ಅಳೆಯುವಾಗ ಕಾಳು ಎಷ್ಟು ಉಕ್ಕಿ ಚೆಲ್ಲುತ್ತಿತ್ತು ಎಂಬುದು ಅವನ ಅಂಗೈಗೆ ಗೊತ್ತು. ಹದಿನಾಲ್ಕರ ಗಣಪತಿ ಬಾಗಿಲ ಬಳಿ ನಿಂತು ಅಪ್ಪನ ದನಿ ನಡುಗುವುದನ್ನು ಕೇಳಿರಲಿ. ಆಚೆ ಬದಿಗೆ ಬಸವರಾಜನೂ ನಿಂತಿರಲಿ, ತನ್ನಪ್ಪ ತಲೆ ತಗ್ಗಿಸುವುದನ್ನು ನೋಡಲಿ. ಹನ್ನೊಂದು ವರ್ಷದ ಮೇಲೆ ಇವರಿಬ್ಬರೂ ಚುನಾವಣೆಗೆ ನಿಂತರೆ ಆ ಸ್ಪರ್ಧೆ ಯಾತಕ್ಕೆ ಎಂದು ಓದುಗರಿಗೆ ವಿವರಿಸಬೇಕಾಗಿಯೇ ಇಲ್ಲ.

ಇನ್ನು ಜಾತಿ. ಇಡೀ ಹಸ್ತಪ್ರತಿಯಲ್ಲಿ ಒಂದು ಕಡೆಯೂ ಅದರ ಹೆಸರಿಲ್ಲ. ಯಾರಿಗೂ ನೋವಾಗಬಾರದು ಎಂಬ ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಕೇರಿ ಕೇರಿಗೆ ಓಟು ಲೆಕ್ಕ ಹಾಕುವ ಆ ರಾತ್ರಿಯ ದೃಶ್ಯ ಅದಿಲ್ಲದೆ ಸುಳ್ಳಾಗುತ್ತದೆ. ಗಣಪತಿ ಗೌರಿಯನ್ನು ಕೇಳಲು ಯಾಕೆ ಹೆದರಿದ ಎಂಬುದೂ ತಿಳಿಯುವುದಿಲ್ಲ.

ಗೌರಿಯ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಾಗಿದೆ. ಅವಳು ಬಸವರಾಜನ ಅಕ್ಕನ ಮಗಳು ಎಂದು ಎರಡನೇ ಅಧ್ಯಾಯದಲ್ಲಿ ಹೇಳಿ ಮರೆತೇಬಿಟ್ಟಿರಿ. ಸೋದರಮಾವನಿಗೆ ಹುಡುಗಿಯ ಮೇಲೆ ಹಕ್ಕಿದೆ ಎಂದು ನಂಬಿದ ಮನೆಯಲ್ಲಿ ಅದು ಪ್ರೀತಿಯೋ, ಕೈತಪ್ಪಿದ ಗದ್ದೆಯ ಬದಲಿಗೆ ಹಿಡಿದ ಹಟವೋ? ಬಸವರಾಜನಿಗೇ ಅದು ಗೊತ್ತಿಲ್ಲದಿರಬಹುದು. ಅಲ್ಲಿ ಕೆದಕಿ. ಇನ್ನೊಂದು ಮಾತು. ಆ ಚುನಾವಣೆಯಲ್ಲಿ ಶೇಕಡಾ 25 ಸ್ಥಾನ ಹೆಂಗಸರಿಗೆ ಮೀಸಲಿತ್ತು. ಸರಾಸರಿ 400 ಜನಕ್ಕೆ ಒಬ್ಬ ಸದಸ್ಯರ ಲೆಕ್ಕದಲ್ಲಿ ನಿಮ್ಮ ಹತ್ತು ಸಾವಿರ ಜನರ ಮಂಡಲಕ್ಕೆ ಇಪ್ಪತ್ತೈದು ಸದಸ್ಯರು, ಅದರಲ್ಲಿ ಆರೇಳು ಹೆಂಗಸರು. ನಿಮ್ಮ ಪುಟಗಳಲ್ಲಿ ಒಬ್ಬರೂ ಇಲ್ಲ! ಪ್ರಧಾನನನ್ನು ಆರಿಸುವವರು ಈ ಸದಸ್ಯರೇ. ಗೌರಿ ಅವರಲ್ಲಿ ಒಬ್ಬಳಾಗಿದ್ದರೆ? ಇಬ್ಬರೂ ಅವಳ ಮನೆ ಬಾಗಿಲಿಗೆ ಬಂದು ಓಟು ಕೇಳಬೇಕು. ಮನಸ್ಸಿನಲ್ಲಿರುವುದು ಇನ್ನೊಂದು ಪ್ರಶ್ನೆ. ಯಾವುದಕ್ಕೆ ಉತ್ತರ ಕೊಡಬೇಕೆಂದು ಅವಳೇ ತೀರ್ಮಾನಿಸಲಿ.

ಮಳೆಯಲ್ಲಿ ನೆನೆಯುವ ಪುಟಗಳನ್ನೂ ಪ್ರೇಮಪತ್ರಗಳನ್ನೂ ಪೂರ್ತಿ ತೆಗೆದುಬಿಡಿ.

ನಾನು ಈ ಪತ್ರ ಬರೆಯುತ್ತಿರುವುದೇ ಒಂದು ಪುಟದ ಕಾರಣಕ್ಕೆ. ಫಲಿತಾಂಶದ ಮರುದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ಬಸವರಾಜ ಮಾತಾಡದೆ ತನ್ನ ಲೋಟದ ಚಾ ಅರ್ಧ ಬಗ್ಗಿಸಿ ಗಣಪತಿಯ ಕಡೆ ಸರಿಸುತ್ತಾನೆ, ಹೈಸ್ಕೂಲಿನ ದಿನಗಳ ಬೈಟು. ಗಣಪತಿ ಕುಡಿಯುತ್ತಾನೆ, ದುಡ್ಡು ಮಾತ್ರ ಕೊಡುವುದಿಲ್ಲ. ಅವರ ಸ್ನೇಹ, ಸೋಲು, ಸೇಡು ಎಲ್ಲವೂ ಆ ಲೋಟದಲ್ಲಿದೆ. ಅದನ್ನು ಬರೆದವರು ಉಳಿದದ್ದನ್ನೂ ಬರೆಯಬಲ್ಲರು.

ಪೂರ್ತಿ ಕಾದಂಬರಿ ತಿದ್ದುವ ಆತುರ ಬೇಡ. ವಿಚಾರಣೆಯ ಆ ಒಂದು ಅಧ್ಯಾಯ ಬರೆದು ಕಳಿಸಿ. ನಿಮ್ಮೂರಿನಲ್ಲಿ ಫಾರಂ ತುಂಬಿದವರು ಇನ್ನೂ ಯಾರಾದರೂ ಇದ್ದರೆ, ಬರೆಯುವ ಮೊದಲು ಅವರ ಜಗಲಿಯಲ್ಲಿ ಒಂದು ಮಧ್ಯಾಹ್ನ ಕೂತು ಬನ್ನಿ.

ವಿಶ್ವಾಸದಿಂದ,
ಸಂಪಾದಕ